ಅಂಕ ಕಡಿದವರು ತೀರ್ಪುಗಾರರು ಮಾತ್ರವೇ?

2012ರಲ್ಲಿ ಇಟೆಲಿಯ ಕನಾಝೈ ಎಂಬ ಪರ್ವತ ಪಟ್ಟಣದಲ್ಲಿ ಫಿಗರ್ ಸ್ಕೇಟಿಂಗ್‌ನ ಯುರೋಪಿಯನ್ ಕಪ್ ಸ್ಪರ್ಧೆ ನಡೆಯಿತು. ಅರಬ್ ಸಂಯುಕ್ತ ಸಂಸ್ಥಾನದ ಹದಿನೇಳರ ಹರೆಯದ ಝಹ್ರಾ ಲಾರಿ ಎಂಬ ಹುಡುಗಿ ಅದರಲ್ಲಿ ಭಾಗವಹಿಸಿದ್ದಳು. ಅಂತಾರಾಷ್ಟ್ರೀಯ ಸ್ಪರ್ಧೆಯೊಂದರಲ್ಲಿ ಹಿಜಾಬ್ ಧರಿಸಿ ಮಂಜುಗಡ್ಡೆಯ ಮೇಲಿಳಿದ ಪ್ರಥಮ ಫಿಗರ್ ಸ್ಕೇಟರ್ ಆಕೆ. ಪ್ರದರ್ಶನ ಮುಗಿದ ಬಳಿಕ ಕೈಗೆ ಬಂದ ಅಂಕಪಟ್ಟಿಯಲ್ಲಿ ಒಂದು ಕಡಿತವಿತ್ತು. ಆ ಕಡಿತ ಆಟದ ತಪ್ಪಿಗಾಗಿರಲಿಲ್ಲ. ತಲೆಯ ಮೇಲಿದ್ದ ಬಟ್ಟೆಗಾಗಿತ್ತು.

ಈ ಕಡಿತದ ತೂಕವೆಷ್ಟೆಂದು ತಿಳಿಯಬೇಕಾದರೆ ಆ ಆಟದ ಬಗ್ಗೆ ಒಂದೆರಡು ಮಾತು ಹೇಳಬೇಕಾಗುತ್ತದೆ. ಸುಮಾರು ನಾಲ್ಕು ಮಿಲಿಮೀಟರ್ ದಪ್ಪದ ಉಕ್ಕಿನ ಅಲಗಿನ ಮೇಲೆ ನಿಂತು, ಆ ಅಲಗಿನ ಒಳಅಂಚು ಅಥವಾ ಹೊರಅಂಚಿನಿಂದ ಗಾಳಿಗೆ ಜಿಗಿದು, ಸುತ್ತು ತಿರುಗಿ, ಒಂಟಿ ಕಾಲಿನ ಮೇಲೆ ಹಿಂಬದಿಯಾಗಿ ಇಳಿಯುವ ಆಟವದು. ಆರು ಬಗೆಯ ಜಿಗಿತಗಳಲ್ಲಿ ಆಕ್ಸೆಲ್ ಒಂದನ್ನು ಮಾತ್ರ ಮುಮ್ಮುಖವಾಗಿ ಆರಂಭಿಸಲಾಗುತ್ತದೆ. ಆದ್ದರಿಂದ ಅದಕ್ಕೆ ಅರ್ಧ ಸುತ್ತು ಹೆಚ್ಚು. ಇಂತಹ ಒಂದು ಜಿಗಿತವನ್ನು ಪಳಗಿಸಿಕೊಳ್ಳಲು ಮಕ್ಕಳಿಗೆ ವರ್ಷಗಳೇ ಬೇಕಾಗುತ್ತವೆ. ಅಷ್ಟು ಕಷ್ಟಪಟ್ಟು ಕಲಿತು ಸ್ಪರ್ಧೆಯಲ್ಲಿ ಜಾರಿಬಿದ್ದರೆ ಒಂದು ಅಂಕ ಹೋಗುತ್ತದೆ. ನಿಯಮ ಪುಸ್ತಕದ ಪ್ರಕಾರ ಉಡುಪಿನ ದೋಷಕ್ಕೂ ಕಡಿತ ಒಂದೇ ಅಂಕ. ಎಂದರೆ ಮುಸ್ಲಿಮ್ ಹುಡುಗಿಯೊಬ್ಬಳು ತನ್ನ ಶಿರವಸ್ತ್ರದೊಂದಿಗೆ ಮಂಜುಗಡ್ಡೆಯ ಮೇಲೆ ನಿಲ್ಲುವುದೂ, ನಿಂತವಳು ಮುಗ್ಗರಿಸಿ ಬೀಳುವುದೂ ಆ ಪುಸ್ತಕದ ದೃಷ್ಟಿಯಲ್ಲಿ ಸರಿಸಮಾನ.

ಹೊಸದುರ್ಗ ತಾಲೂಕಿನ ಹಾಲುರಾಮೇಶ್ವರದಂತಹ ಊರಿನಲ್ಲಿ ಕುಳಿತು ಈ ಪುಟವನ್ನು ತೆರೆದ ಓದುಗರು, ಇದಕ್ಕೂ ನಮಗೂ ಏನು ಸಂಬಂಧವೆಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶಿವಾಲಯ ಮತ್ತು ಅದರ ಕೊಳದಿಂದ ಹೆಸರಾದ ಆ ಊರಿನ ಆಸುಪಾಸಿನಲ್ಲಿ, ತೆಂಗಿನ ತೋಟ ಮತ್ತು ದಾಳಿಂಬೆ ಗಿಡಗಳ ನಡುವೆ, ಮಂಜುಗಡ್ಡೆಯೆಂಬುದು ಐಸ್ ಕ್ಯಾಂಡಿ ಡಬ್ಬಿಯಲ್ಲಿ, ಇಲ್ಲವೇ ಕರಾವಳಿಯಿಂದ ಬರುವ ಮೀನಿನ ಪೆಟ್ಟಿಗೆಯಲ್ಲಿ ಕಾಣಸಿಗುವ ವಸ್ತು. ಚಿತ್ರದುರ್ಗ ಜಿಲ್ಲೆಗೆ ಸಾಕಷ್ಟು ಮಳೆಯೇ ಇಲ್ಲದಿರುವಾಗ ಹಿಮದ ಮಾತೆಲ್ಲಿಂದ ಬರಬೇಕು? ಆದರೆ ಅಬುಧಾಬಿಯಲ್ಲಿಯೂ ಹಿಮ ಬೀಳುವುದಿಲ್ಲ. ಬೇಸಗೆಯಲ್ಲಿ ನಲುವತ್ತೈದು ಡಿಗ್ರಿ ಕಾಯುವ ಮರುಭೂಮಿಯ ಊರದು. ನೆಲದಡಿಯ ಕೊಳವೆಗಳಲ್ಲಿ ಅತಿ ಶೀತಲ ದ್ರವವನ್ನು ಹರಿಸಿ, ಮೇಲೆ ಪದರ ಪದರವಾಗಿ ನೀರು ಸಿಂಪಡಿಸಿ ಹೆಪ್ಪುಗಟ್ಟಿಸಿದ ಕೃತಕ ಅಂಗಣದಲ್ಲಿ ಆ ಹುಡುಗಿ ಆಟ ಕಲಿತಳು. ನಮ್ಮ ಊರುಗಳಿಂದ ದುಡಿಯಲು ಹೋದ ಅದೆಷ್ಟೋ ಮಂದಿ ಆಕೆ ಅಭ್ಯಾಸ ಮಾಡುತ್ತಿದ್ದ ಝಾಯಿದ್ ಸ್ಪೋರ್ಟ್ಸ್ ಸಿಟಿಯ ಮುಂದಿನ ರಸ್ತೆಯಲ್ಲಿ ಟ್ಯಾಕ್ಸಿ ಓಡಿಸಿರಬಹುದು. ಇಲ್ಲಿ ಮಾತು ಹಿಮದ ಕುರಿತಲ್ಲ. ಆ ಹುಡುಗಿಯ ಅಂಕವನ್ನು ಕಡಿಯಲು ಮೊದಲು ಮುಂದಾದವರು ಯಾರು ಎಂಬುದರ ಕುರಿತು.

ಮೊದಲು ಹೊರಗಿನವರ ವಿಚಾರವನ್ನೇ ನೋಡೋಣ. ಯಾಕೆಂದರೆ ನಮ್ಮ ಸಭೆಗಳಲ್ಲಿ ಆ ಭಾಗಕ್ಕೆ ಮಾತ್ರ ಚಪ್ಪಾಳೆ ಬೀಳುತ್ತದೆ.

ಅಂತಾರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟ ಸ್ಥಾಪನೆಯಾದದ್ದು 1892ರಲ್ಲಿ. ಹೆಣ್ಣಿನ ಬಟ್ಟೆಯೊಂದಿಗೆ ಅದರ ಜಗಳ ಹೆಚ್ಚು ಕಡಿಮೆ ಅಷ್ಟೇ ಹಳೆಯದು. 1902ರಲ್ಲಿ ಲಂಡನಿನಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಮ್ಯಾಜ್ ಸೈಯರ್ಸ್ ಎಂಬ ಇಂಗ್ಲಿಷ್ ಮಹಿಳೆ ತನ್ನ ಹೆಸರನ್ನು ನೋಂದಾಯಿಸಿದಳು. ಸ್ಪರ್ಧಿಗಳು ಪುರುಷರೇ ಆಗಿರಬೇಕೆಂದು ನಿಯಮದಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆಯಬೇಕಾದ ಅಗತ್ಯವಿದೆಯೆಂದು ಯಾರಿಗೂ ಹೊಳೆದಿರಲಿಲ್ಲ. ಆಕೆ ಉಲ್ರಿಚ್ ಸಾಲ್ಖೋನಂತಹ ದಿಗ್ಗಜನ ಹಿಂದೆ ಎರಡನೆಯ ಸ್ಥಾನ ಪಡೆದಳು. ಒಕ್ಕೂಟ ಎಚ್ಚೆತ್ತಿತು. ಮರುವರ್ಷವೇ ಮಹಿಳೆಯರಿಗೆ ಆ ಸ್ಪರ್ಧೆಯ ಬಾಗಿಲು ಮುಚ್ಚಲಾಯಿತು. ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು ಬಹಳ ಸ್ವಾರಸ್ಯಕರ: ಹೆಂಗಸರ ಉದ್ದ ಲಂಗದಿಂದಾಗಿ ತೀರ್ಪುಗಾರರಿಗೆ ಪಾದಗಳು ಕಾಣುವುದಿಲ್ಲವಂತೆ! ಆಕೆ ಲಂಗವನ್ನು ಮೀನಖಂಡದವರೆಗೆ ಗಿಡ್ಡ ಮಾಡಿಕೊಂಡು ಆಟ ಮುಂದುವರಿಸಿದಳು. 1906ರಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸ್ಪರ್ಧೆ ಆರಂಭವಾದಾಗ ಅದನ್ನು ಗೆದ್ದವಳೂ ಆಕೆಯೇ.

1924ರ ಒಲಿಂಪಿಕ್ಸ್‌ಗೆ ನಾರ್ವೆಯಿಂದ ಸೋನಿಯಾ ಹೆನಿ ಎಂಬ ಹನ್ನೊಂದು ವರ್ಷದ ಬಾಲಕಿ ಬಂದಳು. ಮಗುವಾದ್ದರಿಂದ ಮೊಣಕಾಲಿನವರೆಗಿನ ಲಂಗ ತೊಟ್ಟಿದ್ದಳು. ಎಂಟು ಮಂದಿಯ ಪೈಕಿ ಕೊನೆಯವಳಾದಳು. ಅನಂತರ ಸತತ ಮೂರು ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದಳು. ಆ ಮಗುವಿನ ಗಿಡ್ಡ ಲಂಗವೇ ಮುಂದೆ ಪ್ರಾಯಕ್ಕೆ ಬಂದ ಹೆಂಗಸರ ರೂಢಿಯಾಯಿತು. 1988ರ ವೇಳೆಗೆ ಗಡಿಯಾರದ ಮುಳ್ಳು ಇನ್ನೊಂದು ತುದಿಗೆ ಬಂದಿತ್ತು. ಪೂರ್ವ ಜರ್ಮನಿಯ ಕತರಿನಾ ವಿಟ್ ತೊಟ್ಟ ಉಡುಪು ತೀರಾ ಚಿಕ್ಕದಾಯಿತೆಂಬ ಗದ್ದಲದ ಬಳಿಕ, ಸೊಂಟವನ್ನು ಮುಚ್ಚುವ ಲಂಗವನ್ನು ಮಹಿಳೆಯರು ಕಡ್ಡಾಯವಾಗಿ ಧರಿಸಬೇಕೆಂದು ಒಕ್ಕೂಟ ನಿಯಮ ಮಾಡಿತು. ಆ ನಿಯಮ 2004ರವರೆಗೂ ಇತ್ತು. ಅಲ್ಲಿಯವರೆಗೆ ಮಹಿಳೆಯೊಬ್ಬಳು ಉದ್ದ ಪ್ಯಾಂಟು ಧರಿಸಿ ಸ್ಪರ್ಧಿಸುವುದು ತಪ್ಪಾಗಿತ್ತು.

ಹೀಗೆ 1902ರಲ್ಲಿ ಬಟ್ಟೆ ಉದ್ದವಾಯಿತು. 1988ರಲ್ಲಿ ಗಿಡ್ಡವಾಯಿತು. 2012ರಲ್ಲಿ ಒಂದು ತುಂಡು ಹೆಚ್ಚಾಯಿತು. ವಿಪರ್ಯಾಸವೇನೆಂದರೆ ಸ್ಪರ್ಧಿಗಳ ಉಡುಪು ಸಭ್ಯವೂ ಗೌರವಯುತವೂ ಆಗಿರಬೇಕೆಂದು ಅದೇ ಒಕ್ಕೂಟದ ನಿಯಮ ಹೇಳುತ್ತದೆ. ಸಭ್ಯತೆಯನ್ನು ಅಕ್ಷರಶಃ ಪಾಲಿಸಿದವಳೇ ಅಂಕ ಕಳೆದುಕೊಂಡಳು. ಸ್ತ್ರೀಯ ಉಡುಪಿನ ಬಗ್ಗೆ ನಿಯಮ ಮಾಡುವ ಖಯಾಲಿ ಮುಲ್ಲಾಗಳಿಗೆ ಮಾತ್ರ ಇದೆಯೆಂದು ಭಾವಿಸಿರುವ ನಮ್ಮ ಪ್ರಗತಿಪರ ಮಿತ್ರರು ಈ ಚರಿತ್ರೆಯನ್ನು ಒಮ್ಮೆ ಗಮನಿಸುವುದು ಒಳ್ಳೆಯದು.

ಆದರೆ ಇದರ ಮುಂದಿನ ಭಾಗವೂ ಇದೆ. ಝಹ್ರಾ ಆ ಅಂಕಪಟ್ಟಿಯನ್ನು ಹರಿದು ಬಿಸಾಕಿ ಮನೆಗೆ ಮರಳಲಿಲ್ಲ. ಆಕೆಯೂ ಆಕೆಯ ಕಡೆಯವರೂ ಒಕ್ಕೂಟದ ಮುಂದೆ ತಮ್ಮ ವಾದವನ್ನಿಟ್ಟರು. ಈ ಬಟ್ಟೆ ಬಿಚ್ಚಿಕೊಂಡು ಮಂಜಿನ ಮೇಲೆ ಬೀಳುವುದಿಲ್ಲ, ಯಾರಿಗೂ ಅಪಾಯ ತರುವುದಿಲ್ಲ, ಇದು ಅಲಂಕಾರದ ಸಾಮಗ್ರಿಯೂ ಅಲ್ಲ ಎಂಬುದನ್ನು ಆಡಿಯೇ ತೋರಿಸಿದರು. ಒಕ್ಕೂಟ ಒಪ್ಪಿತು. ಆ ಬಳಿಕ ಹಿಜಾಬ್‌ಗೆ ಅಂಕ ಕಡಿಯುವುದು ನಿಂತಿತು. ಇತರ ಕ್ರೀಡೆಗಳಲ್ಲಿಯೂ ಹೆಚ್ಚು ಕಡಿಮೆ ಇದೇ ನಡೆದಿದೆ. 2011ರ ಜೂನ್‌ನಲ್ಲಿ ಜೋರ್ಡಾನಿನಲ್ಲಿ ಇರಾನಿನ ಮಹಿಳಾ ಫುಟ್ಬಾಲ್ ತಂಡವನ್ನು ಶಿರವಸ್ತ್ರದ ಕಾರಣಕ್ಕೆ ಮೈದಾನದಿಂದಲೇ ಹಿಂದೆ ಕಳುಹಿಸಲಾಯಿತು. 2014ರಲ್ಲಿ ಫುಟ್ಬಾಲ್ ನಿಯಮ ಬದಲಾಯಿತು. ಬಾಸ್ಕೆಟ್‌ಬಾಲ್ ನಿಯಮ ಬದಲಾದದ್ದು 2017ರಲ್ಲಿ. ಅದಕ್ಕೂ ಬಹಳ ಮೊದಲು, 2006ರ ದೋಹಾ ಏಶ್ಯನ್ ಕ್ರೀಡಾಕೂಟದಲ್ಲಿ, ಬಹ್ರೈನ್‌ನ ರುಖಯ್ಯಾ ಅಲ್ ಗಸರಾ ತಲೆ ಮುಚ್ಚಿಕೊಂಡೇ ಇನ್ನೂರು ಮೀಟರ್ ಓಟದ ಚಿನ್ನ ಗೆದ್ದಿದ್ದರು. ಪ್ರತಿಯೊಂದು ಕಡೆಯೂ ನಿಯಮ ಸಡಿಲಗೊಂಡದ್ದು ಒಬ್ಬ ಹುಡುಗಿ ಅಂಗಣಕ್ಕೆ ಬಂದು ನಿಂತ ಮೇಲೆ. ಮನೆಯಲ್ಲಿ ಕುಳಿತವಳಿಗಾಗಿ ಯಾವ ಒಕ್ಕೂಟವೂ ಪುಸ್ತಕ ತಿದ್ದಿಲ್ಲ.

ಹಾಗಾದರೆ ಅಂಗಣಕ್ಕೆ ಬರುವ ಮೊದಲು ಆಕೆಗೆ ಏನಾಯಿತು? ನಮಗೆ ಬೇಕಾದ ಕಥೆ ಇದು.

ಝಹ್ರಾಳ ತಂದೆ ಇಮಾರಾತಿನವರು, ತಾಯಿ ಅಮೆರಿಕ ಮೂಲದವರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಸ್ಕೇಟಿಂಗ್ ಕುರಿತ ಹಾಲಿವುಡ್ ಚಿತ್ರವೊಂದನ್ನು ನೋಡಿ ಆಕೆಗೆ ಈ ಆಟದ ಹುಚ್ಚು ಹಿಡಿಯಿತು. ಈ ಕ್ರೀಡೆಯಲ್ಲಿ ಅದು ಬಹಳ ತಡವಾದ ಆರಂಭ. ಇತರ ದೇಶಗಳ ಮಕ್ಕಳು ನಾಲ್ಕೈದು ವರ್ಷಕ್ಕೇ ಅಲಗು ಕಟ್ಟಿಕೊಂಡಿರುತ್ತಾರೆ. ಆಕೆ ಮುಂಜಾನೆ ನಾಲ್ಕೂವರೆಯ ಹೊತ್ತಿಗೆ ಎದ್ದು, ಶಾಲೆಗೆ ಮೊದಲೊಮ್ಮೆ, ಶಾಲೆಯ ನಂತರ ಇನ್ನೊಮ್ಮೆ ಅಭ್ಯಾಸ ಮಾಡಿದಳು. ಮಗಳು ಆಟವಾಡುವ ತನಕ ತಂದೆಗೆ ಆಕ್ಷೇಪವಿರಲಿಲ್ಲ. ಆದರೆ ದೊಡ್ಡವಳಾಗುತ್ತಾ ಬಂದು ಸ್ಪರ್ಧೆಯ ಮಾತೆತ್ತಿದಾಗ ಅವರು ಬೇಡವೆಂದರು. ಜನರೆದುರು, ಸಂಗೀತಕ್ಕೆ, ಗಂಡಸರೂ ಇರುವ ಸಭಾಂಗಣದಲ್ಲಿ ಮುಸ್ಲಿಮ್ ಹೆಣ್ಣು ಮಗಳು ಹೀಗೆ ಸುತ್ತುವುದು ಸಲ್ಲದೆಂಬುದು ಅವರ ನಿಲುವಾಗಿತ್ತು. ಹುಡುಗಿ ವಾದ ಮಾಡಲಿಲ್ಲ, ಒಪ್ಪಿಕೊಂಡಳು. ಗೆಳತಿಯರು ಸ್ಪರ್ಧಿಸುವಾಗ ಪ್ರೇಕ್ಷಕರ ಸಾಲಿನಲ್ಲಿ ಕುಳಿತು ಅವರಿಗಾಗಿ ಕೂಗಿ ಹುರಿದುಂಬಿಸಿದಳು. ತಂದೆ ಆ ದೃಶ್ಯವನ್ನು ನೋಡಿದರು. ಸ್ಪರ್ಧೆಯಲ್ಲಿ ಇರಬೇಕಾಗಿದ್ದ ಮಗಳು ಇತರರಿಗಾಗಿ ಸಂತೋಷಪಡುತ್ತಿರುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಅನುಮತಿ ಕೊಟ್ಟರು. ಮುಂದೆ ಆಕೆಯ ಬೆನ್ನಿಗೆ ಗಟ್ಟಿಯಾಗಿ ನಿಂತವರಲ್ಲಿ ಅವರೂ ಒಬ್ಬರು.

ಈ ತಂದೆಯ ಮನಸ್ಸನ್ನು ಬದಲಿಸಿದ್ದು ಫತ್ವಾ ಅಲ್ಲ, ಸ್ತ್ರೀವಾದದ ಪುಸ್ತಕವೂ ಅಲ್ಲ. ಮಗಳ ಮುಖವನ್ನು ಅವರು ಒಮ್ಮೆ ಸರಿಯಾಗಿ ನೋಡಿದರು, ಅಷ್ಟೆ. ನಮ್ಮಲ್ಲಿ ಎಷ್ಟು ಮಂದಿ ತಂದೆಯರಿಗೆ ಅಷ್ಟು ಸಮಯವಿದೆ?

ತಂದೆ ಒಪ್ಪಿದರೆ ಎಲ್ಲವೂ ಮುಗಿಯುವುದಿಲ್ಲ. ಬಂಧುಗಳಿದ್ದಾರೆ, ನೆರೆಯವರಿದ್ದಾರೆ. 2017ರಲ್ಲಿ ಅಮೆರಿಕದ ಕ್ರೀಡಾ ಸಾಮಗ್ರಿ ಕಂಪೆನಿ ನೈಕಿ, ಅರಬ್ ಮಹಿಳಾ ಕ್ರೀಡಾಪಟುಗಳ ಒಂದು ಜಾಹೀರಾತು ಮಾಡಿತು. ಝಹ್ರಾ ಕೂಡಾ ಅದರಲ್ಲಿದ್ದಳು. ನಿನ್ನ ಬಗ್ಗೆ ಜನ ಏನೆಂದಾರು ಎಂಬ ಪ್ರಶ್ನೆಯ ಸುತ್ತಲೇ ಆ ಜಾಹೀರಾತನ್ನು ಹೆಣೆಯಲಾಗಿತ್ತು. ಅದೇ ವರ್ಷ ಆ ಕಂಪೆನಿ ಕ್ರೀಡಾ ಹಿಜಾಬನ್ನು ಮಾರುಕಟ್ಟೆಗೆ ಬಿಟ್ಟಿತೆಂಬುದನ್ನು ಮರೆಯಬಾರದು. ವ್ಯಾಪಾರಿಗೆ ನಮ್ಮ ಹೆಣ್ಣು ಮಕ್ಕಳ ಮೇಲೆ ಉಕ್ಕಿ ಬರುವ ಪ್ರೀತಿಗೆ ಒಂದು ಬೆಲೆಚೀಟಿ ಇದ್ದೇ ಇರುತ್ತದೆ. ಆದರೂ ಆ ಪ್ರಶ್ನೆಯನ್ನು ಅವನು ಸರಿಯಾಗಿಯೇ ಹುಡುಕಿದ್ದ. ಅಬುಧಾಬಿಯ ಅರಬಿಯಲ್ಲಿ ಕೇಳಿದ ಆ ಮಾತನ್ನು ಹೊಸದುರ್ಗ, ಹೊಳಲ್ಕೆರೆಯ ಮೊಹಲ್ಲಾಗಳಲ್ಲಿ ದಖನಿಯಲ್ಲಿ ಕೇಳುತ್ತೇವೆ: ಲೋಗಾಂ ಕ್ಯಾ ಬೋಲಿಂಗೆ. ಈ ಲೋಗಾಂ ಎಂಬವರ ವಿಳಾಸ ಯಾರಿಗೂ ಗೊತ್ತಿಲ್ಲ. ಅವರು ಮಗಳ ಶಾಲಾ ಶುಲ್ಕ ಕಟ್ಟುವುದಿಲ್ಲ, ಮದುವೆಗೆ ಚಿನ್ನ ಕೊಡುವುದಿಲ್ಲ, ಗಂಡನ ಮನೆಯಿಂದ ಅವಳು ಅತ್ತುಕೊಂಡು ಬಂದಾಗ ಬಾಗಿಲು ತೆರೆಯುವುದೂ ಇಲ್ಲ. ಆದರೆ ಅಂಕ ಕಡಿಯುವ ಅಧಿಕಾರ ಮಾತ್ರ ಅವರ ಕೈಯಲ್ಲಿದೆ.

ಇಲ್ಲಿ ಧಾರ್ಮಿಕ ಆಕ್ಷೇಪವನ್ನು ಹಾರಿಸಿಬಿಟ್ಟರೆ ಅಪ್ರಾಮಾಣಿಕತೆಯಾಗುತ್ತದೆ. ಫಿಕ್ಹ್ ಓದಿದ ಯಾರಿಗಾದರೂ ಫಿಗರ್ ಸ್ಕೇಟಿಂಗ್ ಬಗ್ಗೆ ಮೂರು ಪ್ರಶ್ನೆಗಳು ಏಳುತ್ತವೆ: ಮೈಗೆ ಅಂಟಿಕೊಳ್ಳುವ ಉಡುಪು, ಸಂಗೀತ, ಅನ್ಯ ಪುರುಷರ ಸಮ್ಮುಖ. ಝಹ್ರಾ ಮಾಡಿದ್ದೆಲ್ಲವೂ ಸರಿಯೆಂದು ಎಲ್ಲ ವಿದ್ವಾಂಸರೂ ಮುದ್ರೆಯೊತ್ತಲಾರರು. ಈ ಲೇಖಕನಿಗೂ ಮೂರನೆಯ ಪ್ರಶ್ನೆಯಲ್ಲಿ ಅಳುಕು ಇದೆ. ಆದರೆ ಆಟದ ಒಂದು ರೂಪದ ಬಗೆಗಿನ ಆಕ್ಷೇಪವನ್ನು ಆಟವೆಂಬುದರ ಮೇಲೆಯೇ ಹೇರಲು ನಮಗೆ ಅಧಿಕಾರ ಕೊಟ್ಟವರು ಯಾರು? ಪ್ರವಾದಿ(ಸ)ಯವರು ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಮಾಡಿದ್ದರು. ಒಮ್ಮೆ ಆಯಿಶಾ(ರ) ಗೆದ್ದರು, ವರ್ಷಗಳ ನಂತರ ಪ್ರವಾದಿ(ಸ)ಯವರು ಗೆದ್ದು ಆ ಸೋಲನ್ನು ನಗುತ್ತಾ ಸರಿದೂಗಿಸಿದರು. ಈ ವರದಿ ಅಬೂದಾವೂದ್‌ನಲ್ಲಿದೆ. ಅಬಿಸೀನಿಯದವರು ಮಸೀದಿಯ ಅಂಗಳದಲ್ಲಿ ಈಟಿಯಾಟ ಆಡುತ್ತಿದ್ದಾಗ ಆಯಿಶಾ(ರ) ಸಾಕೆನ್ನುವ ತನಕ ಪ್ರವಾದಿ(ಸ)ಯವರು ಮರೆಯಾಗಿ ನಿಂತು ಅವರಿಗೆ ಅದನ್ನು ತೋರಿಸಿದ ವರದಿ ಬುಖಾರಿಯಲ್ಲಿದೆ. ಇವನ್ನು ಪಾಠದಲ್ಲಿ ಓದುತ್ತೇವೆ, ಪರೀಕ್ಷೆಯಲ್ಲಿ ಬರೆಯುತ್ತೇವೆ. ಜುಮುಅ ಖುತ್ಬಾದಲ್ಲಿ ಮಾತ್ರ ಕೇಳಿದ ನೆನಪಿಲ್ಲ. 2005ರಲ್ಲಿ ಸಾನಿಯಾ ಮಿರ್ಝಾರ ಸ್ಕರ್ಟಿನ ಕುರಿತು ಹೇಳಿಕೆಗಳು ಬಂದಾಗ ಅದರ ಬಗ್ಗೆ ಮಾತನಾಡದವರಿರಲಿಲ್ಲ. ಅದೇ ಹೊತ್ತಿಗೆ, ಸ್ಕರ್ಟ್ ಬೇಡ, ಸಭ್ಯ ಉಡುಪಿನಲ್ಲಿ ಆಡಲಿಚ್ಛಿಸುವ ನೂರು ಹುಡುಗಿಯರಿಗೆ ನಾವೇ ಒಂದು ಅಂಗಣ ಮಾಡಿಕೊಡುತ್ತೇವೆ ಎಂದು ಮುಂದೆ ಬಂದ ಒಂದು ಸಂಘಟನೆಯನ್ನೂ ನಾನು ಕಾಣಲಿಲ್ಲ. ಹರಾಮ್‌ನ ಫಲಕ ಹಾಕುವವನು ಹಲಾಲ್‌ನ ದಾರಿಯನ್ನೂ ತೋರಿಸಬೇಕಷ್ಟೆ?

ಈಗ ನಮ್ಮದೇ ರಾಜ್ಯಕ್ಕೆ ಬರೋಣ. 2021ರ ಕೊನೆಯಲ್ಲಿ ಉಡುಪಿಯ ಸರಕಾರಿ ಕಾಲೇಜೊಂದರಲ್ಲಿ ಆರಂಭವಾದ ಹಿಜಾಬ್ ವಿವಾದ, 2022ರ ಫೆಬ್ರವರಿ 5ರ ಸರಕಾರಿ ಆದೇಶದೊಂದಿಗೆ ರಾಜ್ಯವ್ಯಾಪಿಯಾಯಿತು. ಮಾರ್ಚ್ 15ರಂದು ಹೈಕೋರ್ಟ್ ಆ ಆದೇಶವನ್ನು ಎತ್ತಿ ಹಿಡಿಯಿತು. ಅಕ್ಟೋಬರ್ 13ರಂದು ಸುಪ್ರೀಮ್ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಹೆಣ್ಣು ಮಗುವಿನ ಶಿಕ್ಷಣವೇ ಮುಖ್ಯವಾಗಬೇಕೆಂದು ನ್ಯಾಯಮೂರ್ತಿ ಸುಧಾಂಶು ಧುಲಿಯಾ ಬರೆದರು. ಯುರೋಪಿನ ಒಂದು ಕ್ರೀಡಾ ಒಕ್ಕೂಟ ಒಬ್ಬ ಸ್ಪರ್ಧಿಯ ಮಾತು ಕೇಳಿ ತನ್ನ ರೂಢಿಯನ್ನು ತಿದ್ದಿಕೊಂಡಿತು. ಇಲ್ಲಿ ಸರಕಾರವೊಂದು ತನ್ನದೇ ವಿದ್ಯಾರ್ಥಿನಿಯರನ್ನು ಪರೀಕ್ಷೆಯ ಹೊಸ್ತಿಲಲ್ಲಿ ನಿಲ್ಲಿಸಿ ಗೇಟು ಹಾಕಿಸಿತು. ಕಡಿದದ್ದು ಒಂದು ಅಂಕವಲ್ಲ, ಇಡೀ ವರ್ಷ. ಆ ಅನ್ಯಾಯವನ್ನು ಯಾವ ಸಮತೋಲನದ ಮಾತಿನಿಂದಲೂ ತೆಳುಗೊಳಿಸುವ ಇರಾದೆ ಇಲ್ಲಿಲ್ಲ.

ಆದರೆ ಆ ದಿನಗಳಲ್ಲಿ ಹುಡುಗಿಯರ ಹಕ್ಕಿಗಾಗಿ ಬೀದಿಗಿಳಿದ ನಮ್ಮ ತರುಣರನ್ನು ಒಂದು ಮಾತು ಕೇಳಬೇಕಿದೆ. ನಿಮ್ಮ ತಂಗಿ ತಲೆ ಮುಚ್ಚಿಕೊಂಡು ತರಗತಿಗೆ ಹೋಗುವ ಹಕ್ಕಿಗಾಗಿ ಘೋಷಣೆ ಕೂಗಿದಿರಿ, ಸರಿ. ಅದೇ ತಂಗಿ ಅದೇ ಶಿರವಸ್ತ್ರದೊಂದಿಗೆ ತಾಲೂಕು ಕ್ರೀಡಾಕೂಟದಲ್ಲಿ ಖೋಖೋ ಆಡಲು ಹೋಗುತ್ತೇನೆಂದರೆ ಏನನ್ನುತ್ತೀರಿ? ಹಿಜಾಬ್ ನಮ್ಮ ಹೆಣ್ಣು ಮಕ್ಕಳನ್ನು ಯಾವುದರಿಂದಲೂ ತಡೆಯುವುದಿಲ್ಲವೆಂದು ಟಿವಿ ಚರ್ಚೆಗಳಲ್ಲಿ ಸಾರಿ ಹೇಳಿದೆವು. ಆ ಮಾತಿಗೆ ಸಾಕ್ಷಿ ಬೇಕಲ್ಲ? ಝಹ್ರಾ ಅಂತಹ ಒಂದು ಸಾಕ್ಷಿ. ಆಕೆ ವಿಶ್ವವಿಜೇತೆಯಾಗಲಿಲ್ಲ. ಸ್ವದೇಶದಲ್ಲಿ ಹಲವು ಬಾರಿ ಚಾಂಪಿಯನ್ ಆದಳು, 2017ರ ಸಪೊರೊ ಏಶ್ಯನ್ ಚಳಿಗಾಲದ ಕ್ರೀಡಾಕೂಟದಲ್ಲಿ ಭಾಗವಹಿಸಿದಳು, 2018ರ ಒಲಿಂಪಿಕ್ಸ್‌ನ ಕನಸು ಈಡೇರಲಿಲ್ಲ. ಅದರಿಂದ ಆಕೆಯ ಸಾಕ್ಷ್ಯದ ಬೆಲೆ ಕಡಿಮೆಯಾಗುವುದಿಲ್ಲ. ನಮ್ಮ ಗಂಡು ಮಕ್ಕಳೆಲ್ಲ ಕ್ರಿಕೆಟ್ ಆಡುವುದು ಅಝರುದ್ದೀನ್ ಆಗಿಬಿಡುತ್ತೇವೆಂಬ ಖಾತ್ರಿಯಿಂದಲೇ?

ಹಾಲುರಾಮೇಶ್ವರದ ಸುತ್ತಲಿನ ಹಳ್ಳಿಗಳಲ್ಲಿ ಮುಸ್ಲಿಮರ ಮನೆಗಳು ವಿರಳ. ಮಕ್ಕಳು ಹೋಗುವುದು ಸರಕಾರಿ ಕನ್ನಡ ಶಾಲೆಗೆ. ಆರನೆಯ, ಏಳನೆಯ ತರಗತಿಯವರೆಗೆ ನಮ್ಮ ಹುಡುಗಿಯರೂ ಇತರರೊಂದಿಗೆ ಬರಿಗಾಲಿನಲ್ಲಿ ಓಡುತ್ತಾರೆ, ಕ್ಲಸ್ಟರ್ ಮಟ್ಟದ ಪಂದ್ಯಗಳಲ್ಲಿ ಗೆದ್ದು ಸ್ಟೀಲ್ ಲೋಟ ತರುತ್ತಾರೆ. ಎಂಟನೆಯ ತರಗತಿಗೆ ಬರುತ್ತಿದ್ದಂತೆ ಆಟದ ಅವಧಿಯಲ್ಲಿ ಕೋಣೆಯೊಳಗೆ ಕುಳಿತುಕೊಳ್ಳುತ್ತಾರೆ. ದೈಹಿಕ ಶಿಕ್ಷಣದ ಮೇಷ್ಟ್ರು ಒಂದೆರಡು ಸಲ ಕರೆದು ಸುಮ್ಮನಾಗುತ್ತಾರೆ. ಯಾರೂ ನಿಷೇಧ ಹೇರಿರುವುದಿಲ್ಲ, ಯಾವ ಸುತ್ತೋಲೆಯೂ ಇರುವುದಿಲ್ಲ. ಇಂತಹ ಕಡಿತ ಯಾವ ಅಂಕಪಟ್ಟಿಯಲ್ಲಿಯೂ ನಮೂದಾಗದ್ದರಿಂದ ಅದರ ವಿರುದ್ಧ ಮನವಿ ಸಲ್ಲಿಸಲು ಕೂಡಾ ಜಾಗವಿಲ್ಲ.

ಮಂಜುಗಡ್ಡೆಯ ಅಂಗಣವನ್ನು ಯಾರೂ ಕೇಳುತ್ತಿಲ್ಲ. ಇಡೀ ದೇಶಕ್ಕೇ ಅದು ದುರ್ಲಭ. 2011ರಲ್ಲಿ ದಕ್ಷಿಣ ಏಶ್ಯನ್ ಚಳಿಗಾಲದ ಕ್ರೀಡಾಕೂಟಕ್ಕಾಗಿ ಡೆಹ್ರಾಡೂನಿನಲ್ಲಿ ಕಟ್ಟಿದ ರಿಂಕ್ ಹತ್ತಕ್ಕೂ ಹೆಚ್ಚು ವರ್ಷ ಬೀಗ ಹಾಕಿಕೊಂಡಿದ್ದು 2025ರಲ್ಲಿ ಮತ್ತೆ ತೆರೆಯಿತು. ಭಾರತದ ಪರವಾಗಿ ಫಿಗರ್ ಸ್ಕೇಟಿಂಗ್ ಮಾಡುವ ತಾರಾ ಪ್ರಸಾದ್ ಹುಟ್ಟಿ ಬೆಳೆದು ಆಟ ಕಲಿತದ್ದು ಅಮೆರಿಕದಲ್ಲಿ. ಆದರೆ ಅದೇ ಜಿಗಿತ, ಅದೇ ಸುತ್ತುಗಳನ್ನು ನಾಲ್ಕು ಗಾಲಿಗಳ ಮೇಲೆ ಮಾಡುವ ಕಲಾತ್ಮಕ ರೋಲರ್ ಸ್ಕೇಟಿಂಗ್‌ನಲ್ಲಿ ಹೈದರಾಬಾದಿನ ಅನೂಪ್ ಕುಮಾರ್ ಯಾಮಾ 2010ರ ಗ್ವಾಂಗ್‌ಝೌ ಏಶ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದದ್ದು ಸಿಮೆಂಟು ನೆಲದ ದೇಶದಿಂದ ಹೋಗಿಯೇ. ಅದಕ್ಕೆ ಬೇಕಾಗಿರುವುದು ನುಣುಪಾದ ಒಂದು ನೆಲ ಮತ್ತು ಒಂದಷ್ಟು ಹೊತ್ತು.

ನುಣುಪಾದ ನೆಲ ನಮ್ಮಲ್ಲಿಯೇ ಇದೆ. ಹೊಸದುರ್ಗ, ಹೊಳಲ್ಕೆರೆ, ಹಿರಿಯೂರಿನಂತಹ ಊರುಗಳಲ್ಲಿ ಶಾದಿಮಹಲ್‌ಗಳೆಂಬವು ವಾರದ ಐದು ದಿನ ಖಾಲಿ ಬಿದ್ದಿರುತ್ತವೆ. ಸುತ್ತ ಗೋಡೆ, ಮೇಲೆ ಸೂರು, ಬಾಗಿಲಿಗೆ ಚಿಲಕ. ಫಿಕ್ಹ್‌ನ ಮೂರನೆಯ ಪ್ರಶ್ನೆಯಿಂದ ಕಂಗೆಟ್ಟವರಿಗೆ ಇದಕ್ಕಿಂತ ಸುಲಭದ ಉತ್ತರ ಯಾವುದು? ವಾರಕ್ಕೆ ಎರಡು ಸಂಜೆ, ಅಸ್ರ್‌ನಿಂದ ಮಗ್ರಿಬ್‌ವರೆಗೆ, ಹುಡುಗಿಯರಿಗೆ ಆ ಸಭಾಂಗಣವನ್ನು ಬಿಟ್ಟುಕೊಡಲಿ. ಗಾಲಿಯೋ ಷಟಲ್ಲೋ ಕಬಡ್ಡಿಯೋ, ಆಟವನ್ನು ಅವರೇ ಆಯ್ದುಕೊಳ್ಳಲಿ. ತರಬೇತಿಗೆ ಹತ್ತಿರದ ಶಾಲೆಯ ದೈಹಿಕ ಶಿಕ್ಷಕಿಯೊಬ್ಬರನ್ನು, ಅವರು ಯಾವ ಧರ್ಮದವರಾದರೂ ಸರಿ, ಗೌರವಧನ ಕೊಟ್ಟು ಕರೆಯಬಹುದು. ಖರ್ಚು ಒಂದು ಮದುವೆಯ ವಿದ್ಯುತ್ ಅಲಂಕಾರದಷ್ಟೂ ಆಗಲಾರದು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಮಿನಾರದ ಬಣ್ಣ ಮತ್ತು ಅಂಗಡಿಗಳ ಬಾಡಿಗೆ ಬಾಕಿಯ ನಡುವೆ ಈ ವಿಷಯಕ್ಕೂ ಒಂದು ಸಾಲು ಇಟ್ಟುಕೊಳ್ಳುವ ಜಮಾಅತ್ ಕಮಿಟಿ ಯಾವುದಾದರೂ ಇದ್ದರೆ, ಈ ಪತ್ರಿಕೆಗೆ ಬರೆದು ತಿಳಿಸಲಿ. ಊರಿನ ಹೆಸರನ್ನು ಸಂತೋಷದಿಂದ ಪ್ರಕಟಿಸುತ್ತೇವೆ.